ಕಾಣದ ಬಾಣಗಳು

1972ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆಯಲ್ಲಿ ಅಪೊಲೊ-16 ನೌಕೆಯ ಮೂವರು ಗಗನಯಾತ್ರಿಗಳು ಚಂದ್ರಯಾತ್ರೆಯನ್ನು ಮುಗಿಸಿ ಭೂಮಿಗೆ ಮರಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಪೊಲೊ-17 ಹೊರಟಿತು. ಈ ಎರಡು ಯಾತ್ರೆಗಳ ನಡುವೆ, ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಸೂರ್ಯನಲ್ಲಿ ಭಾರಿ ಸ್ಫೋಟಗಳಾದವು. ಅಲ್ಲಿಂದ ಸಿಡಿದ ಪ್ರೋಟಾನ್ ಕಣಗಳು ಭೂಮಿಯ ಸುತ್ತಲಿನ ಆಕಾಶವನ್ನೆಲ್ಲ ತುಂಬಿದವು. ಆ ದಿನ ಚಂದ್ರನ ನೆಲದ ಮೇಲೆ ಯಾರಾದರೂ ಬರಿಯ ಗಗನಯಾತ್ರೆಯ ಉಡುಪಿನಲ್ಲಿ ನಡೆದಾಡುತ್ತಿದ್ದಿದ್ದರೆ, ಅವರು ವಾಂತಿ ಬಳಲಿಕೆಗಳಿಂದ ಕುಸಿಯುತ್ತಿದ್ದರು. ಪ್ರಾಣಕ್ಕೇ ಸಂಚಕಾರ ಬರುವ ಸಂಭವವೂ ಇತ್ತೆಂದು ವಿಜ್ಞಾನಿಗಳು ಅನಂತರ ಲೆಕ್ಕಹಾಕಿದರು. ಅಂದು ಗಗನಯಾತ್ರಿಗಳನ್ನು ಉಳಿಸಿದ್ದು ಯಾತ್ರೆಯ ದಿನಾಂಕ ಮಾತ್ರ.

ಬಾಹ್ಯಾಕಾಶವೆಂದರೆ ಬರಿಯ ಶೂನ್ಯವೆಂಬ ಭಾವನೆ ಸಾಮಾನ್ಯವಾಗಿದೆ. ಅದು ಪೂರ್ತಿ ನಿಜವಲ್ಲ. 1912ರಲ್ಲಿ ಆಸ್ಟ್ರಿಯದ ವಿಜ್ಞಾನಿ ವಿಕ್ಟರ್ ಹೆಸ್ ಬಲೂನನ್ನೇರಿ 5 ಕಿಲೋಮೀಟರಿಗೂ ಮಿಕ್ಕಿದ ಎತ್ತರಕ್ಕೆ ಹೋಗಿ, ಮೇಲಕ್ಕೆ ಹೋದಂತೆಲ್ಲ ವಿಕಿರಣ ಹೆಚ್ಚುವುದನ್ನು ಅಳೆದು ತೋರಿಸಿದರು. ಹೊರಗಿನಿಂದ ಬರುವ ಆ ವಿಕಿರಣಕ್ಕೆ ವಿಶ್ವಕಿರಣವೆಂದು ಹೆಸರಾಯಿತು. ಹೆಸರು ಕಿರಣವಾದರೂ ಅವು ವಾಸ್ತವವಾಗಿ ಕಣಗಳು: ಜಲಜನಕದಿಂದ ಹಿಡಿದು ಕಬ್ಬಿಣದವರೆಗಿನ ಪರಮಾಣುಗಳ ಬೀಜಗಳು. ಸೂರ್ಯಮಂಡಲದ ಆಚೆಯಿಂದ ಅವು ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಧಾವಿಸಿ ಬರುತ್ತವೆ. ವಿಶ್ವಕಿರಣ ಎಂದೂ ನಿಲ್ಲದ ತುಂತುರು. ಸೂರ್ಯನ ಸ್ಫೋಟದಿಂದ ಬರುವುದು ಆಗೊಮ್ಮೆ ಈಗೊಮ್ಮೆ ಎರಗುವ ಆಲಿಕಲ್ಲಿನ ಮಳೆ.

ಭೂಮಿಯ ಮೇಲಿರುವವರಿಗೆ ಈ ಮಳೆ ತಟ್ಟದಿರುವುದಕ್ಕೆ ಎರಡು ಕೊಡೆಗಳಿವೆ. ಭೂಮಿಯ ಕಾಂತಕ್ಷೇತ್ರವು ಬಹುಪಾಲು ಕಣಗಳ ದಾರಿಯನ್ನು ತಿರುಗಿಸುತ್ತದೆ. ಉಳಿದವನ್ನು ವಾಯುಮಂಡಲ ತಡೆಯುತ್ತದೆ. ಗಾಳಿ ಹಗುರವೆಂದು ತೋರಿದರೂ ತಲೆಯ ಮೇಲಿರುವ ಅದರ ಒಟ್ಟು ರಾಶಿ ಸುಮಾರು 10 ಮೀಟರು ಆಳದ ನೀರಿಗೆ ಸಮ! 400 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಎರಡನೆಯ ಕೊಡೆಯಿಲ್ಲ. ಚಂದ್ರನತ್ತ ಹೊರಟವರಿಗೆ ಎರಡೂ ಇಲ್ಲ.

ದೇಹವನ್ನು ಹೊಕ್ಕ ವಿಕಿರಣವು ಮಾಡುವ ಹಾನಿಯನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೆಲದ ಮೇಲೆ ಒಬ್ಬ ಮನುಷ್ಯನಿಗೆ ನಿಸರ್ಗದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ನಿಲ್ದಾಣದಲ್ಲಿರುವವರಿಗೆ ಅಷ್ಟು ತಗಲಲು ಒಂದು ವಾರ ಸಾಕು.

ಈ ಬಾಣಗಳು ನಾಟಿದಾಗ ನೋವಾಗುವುದಿಲ್ಲ. ಅಪಾಯವೆಲ್ಲ ಅಡಗಿರುವುದು ಅಲ್ಲಿಯೇ. ಅಪೊಲೊ ಯಾತ್ರಿಕರಲ್ಲಿ ಅನೇಕರು ಕತ್ತಲಲ್ಲಿ ಕಣ್ಣು ಮುಚ್ಚಿದ್ದಾಗಲೂ ಮಿಂಚಿನ ಎಳೆಗಳನ್ನು ಕಂಡರು. ವಿಶ್ವಕಿರಣದ ಕಣಗಳು ಕಣ್ಣನ್ನು ಹಾದುಹೋಗುತ್ತಿದ್ದುದೇ ಅದಕ್ಕೆ ಕಾರಣ. ಕಣವೊಂದು ಜೀವಕೋಶವನ್ನು ಭೇದಿಸುವಾಗ ಅದರೊಳಗಿನ ಡಿ.ಎನ್.ಎ. ಎಳೆಗಳನ್ನು ಕತ್ತರಿಸಬಲ್ಲುದು. ಕೋಶವು ಆ ಗಾಯವನ್ನು ತಾನೇ ಹೊಲಿದುಕೊಳ್ಳುತ್ತದೆ. ಹೊಲಿಗೆ ತಪ್ಪಿದರೆ ಆ ತಪ್ಪು ಹತ್ತಿಪ್ಪತ್ತು ವರ್ಷಗಳ ತರುವಾಯ ಕ್ಯಾನ್ಸರ್ ರೂಪದಲ್ಲಿ ತಲೆಯೆತ್ತಬಹುದು. ಹೆಚ್ಚು ವಿಕಿರಣಕ್ಕೆ ಒಳಗಾದ ಗಗನಯಾತ್ರಿಗಳಲ್ಲಿ ಕಣ್ಣಿನ ಪೊರೆ ಬೇಗ ಬರುವುದೂ ಕಂಡುಬಂದಿದೆ. ಒಮ್ಮೆಗೇ ಬಹಳ ತಗಲಿದರಂತೂ ಮೂಳೆಯೊಳಗಿನ ಮಜ್ಜೆ ನಾಶವಾಗಿ ಹೊಸ ರಕ್ತಕಣಗಳು ಹುಟ್ಟದಂತಾಗುತ್ತವೆ.

ಹಾಗಾದರೆ ಒಬ್ಬನು ಎಷ್ಟು ಅಪಾಯವನ್ನು ಹೊರಬಹುದು? ಅಮೆರಿಕದ ನಾಸಾ ಸಂಸ್ಥೆ ಬಹುಕಾಲ ವಯಸ್ಸು, ಲಿಂಗಗಳನ್ನು ನೋಡಿ ಬೇರೆ ಬೇರೆ ಮಿತಿಗಳನ್ನು ಇಟ್ಟಿತ್ತು. ಹೆಂಗಸರಿಗೂ ಕಿರಿಯರಿಗೂ ಮಿತಿ ಕಡಿಮೆ. ಆದುದರಿಂದ ಅವರಿಗೆ ಯಾತ್ರೆಯ ಅವಕಾಶವೂ ಕಡಿಮೆ. ರಕ್ಷಣೆಯ ಹೆಸರಿನಲ್ಲಿ ಅದೊಂದು ಅನ್ಯಾಯವೇ ಆಗಿತ್ತೆನ್ನಬೇಕು. 2022ರಲ್ಲಿ ಎಲ್ಲರಿಗೂ ಜೀವಮಾನಕ್ಕೆ 600 ಮಿಲಿಸೀವರ್ಟ್ ಎಂಬ ಒಂದೇ ಮಿತಿ ಬಂದಿತು. ಆದರೆ ಮಂಗಳಗ್ರಹಕ್ಕೆ ಹೋಗಿಬರುವ ಪ್ರಯಾಣವೊಂದರಲ್ಲೇ ಸುಮಾರು 660 ಮಿಲಿಸೀವರ್ಟ್ ತಗಲೀತೆಂದು, ಕ್ಯೂರಿಯಾಸಿಟಿ ನೌಕೆ 2011-12ರಲ್ಲಿ ದಾರಿಯುದ್ದಕ್ಕೂ ಅಳೆದ ವಿಕಿರಣದಿಂದ ಅಂದಾಜಾಗಿದೆ. ಅಲ್ಲಿ ಇಳಿದು ತಂಗುವ ದಿನಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ದಪ್ಪನೆಯ ಸೀಸದ ಗೋಡೆ ಕಟ್ಟಿದರಾಯಿತಲ್ಲ ಎಂದು ಯಾರಿಗಾದರೂ ತೋಚಬಹುದು. ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಸೀಸ ಸರಿ. ವಿಶ್ವಕಿರಣವಾದರೋ ಸೀಸದ ಭಾರವಾದ ಪರಮಾಣುಗಳಿಗೆ ಬಡಿದು ಇನ್ನಷ್ಟು ಕಣಗಳನ್ನು ಸಿಡಿಸುತ್ತದೆ. ಜಲಜನಕ ಹೇರಳವಾಗಿರುವ ನೀರು, ಪಾಲಿಥೀನುಗಳೇ ಇಲ್ಲಿ ಮೇಲು. ಸೌರಸ್ಫೋಟದ ವೇಳೆ ಯಾತ್ರಿಗಳು ನೌಕೆಯಲ್ಲಿ ಹೆಚ್ಚು ಮರೆಯಿರುವ ಭಾಗವನ್ನು ಸೇರಿಕೊಳ್ಳುತ್ತಾರೆ. ಅದಕ್ಕೆ ಮುನ್ಸೂಚನೆ ಬೇಕು. ವೇಗವಾದ ಕಣಗಳು ಒಂದು ಗಂಟೆಯೊಳಗೇ ಬಂದು ಮುಟ್ಟಬಲ್ಲವು. ಆ ಕಾರಣದಿಂದ ಸೂರ್ಯನ ಮೇಲೆ ಸದಾ ಕಣ್ಣಿಟ್ಟಿರಬೇಕು. 2023ರ ಸೆಪ್ಟೆಂಬರ್ 2ರಂದು ಭಾರತ ಹಾರಿಸಿದ ಆದಿತ್ಯ-ಎಲ್1 ಅಂತಹ ಒಂದು ಕಣ್ಣು. ಅದರಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡುವ ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

2022ರ ನವೆಂಬರಿನಲ್ಲಿ ಆರ್ಟೆಮಿಸ್-1 ನೌಕೆ ಚಂದ್ರನತ್ತ ಹೋದಾಗ ಅದರಲ್ಲಿ ಮನುಷ್ಯರಿರಲಿಲ್ಲ. ಹೆಲ್ಗಾ ಮತ್ತು ಝೋಹರ್ ಎಂಬ, ಹೆಂಗಸಿನ ಆಕಾರದ ಎರಡು ಬೊಂಬೆಗಳು ಆಸನದಲ್ಲಿ ಕುಳಿತಿದ್ದವು. ಮೂಳೆ, ಮಾಂಸ, ಅಂಗಾಂಗಗಳನ್ನು ಹೋಲುವ ಪ್ಲಾಸ್ಟಿಕ್ಕಿನಿಂದ ಅವನ್ನು ಮಾಡಿ, ಒಳಗೆಲ್ಲ ವಿಕಿರಣವನ್ನು ಅಳೆಯುವ ಸಾವಿರಾರು ಸಾಧನಗಳನ್ನು ಹುದುಗಿಸಿದ್ದರು. ಝೋಹರಳಿಗೆ ರಕ್ಷೆಯ ಕವಚ ತೊಡಿಸಿತ್ತು, ಹೆಲ್ಗಾಳಿಗೆ ಇರಲಿಲ್ಲ. 25 ದಿನಗಳ ಮೇಲೆ ಇಬ್ಬರೂ ಭೂಮಿಗೆ ಮರಳಿದರು.