ಮನೆಯಂಗಳದ ಆರ್ಕಿಡ್: ಅತಿಯಾದ ನೀರೇ ಶತ್ರು

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲೋ ಊರಿನ ನರ್ಸರಿಯಲ್ಲೋ ಗೊಂಚಲಾಗಿ ಅರಳಿ ನಿಂತ ಆರ್ಕಿಡ್ ಗಿಡವನ್ನು ಕಂಡು ಮನಸೋಲದವರು ವಿರಳ. ಕೆಲವು ನೂರು ರೂಪಾಯಿ ತೆತ್ತು ಅದನ್ನು ಮನೆಗೆ ತರುತ್ತೇವೆ. ಹೂವು ವಾರಗಟ್ಟಲೆ ಬಾಡದೆ ಉಳಿದು ಮನೆಮಂದಿಗೆಲ್ಲ ಸಂತೋಷ ಕೊಡುತ್ತದೆ. ಅನಂತರ ಎಲೆಗಳು ಸುಕ್ಕಾಗತೊಡಗುತ್ತವೆ. ಗಿಡಕ್ಕೆ ಬಾಯಾರಿಕೆಯಾಗಿರಬೇಕೆಂದು ಬಗೆದು ಇನ್ನಷ್ಟು ನೀರೆರೆಯುತ್ತೇವೆ. ಎಲೆ ಹಳದಿಯಾಗಿ ಉದುರುತ್ತದೆ, ಬುಡ ಮೆತ್ತಗಾಗುತ್ತದೆ, ಗಿಡ ಸಾಯುತ್ತದೆ. ‘ಆರ್ಕಿಡ್ ಸಿರಿವಂತರ ಗಿಡ, ನಮ್ಮಂಥವರ ಕೈಗೆ ಒಗ್ಗುವಂಥದಲ್ಲ’ ಎಂದು ಕೈಚೆಲ್ಲುತ್ತೇವೆ.

ಇಲ್ಲಿ ಗಿಡವನ್ನು ಕೊಂದದ್ದು ನಮ್ಮ ಅಕ್ಕರೆಯೇ. ತುಳಸಿಗೋ ಗುಲಾಬಿಗೋ ಎರೆದಂತೆ ದಿನವೂ ನೀರೆರೆದರೆ ಕುಂಡದಲ್ಲಿರುವ ಆರ್ಕಿಡ್‌ನ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಹೀಗಾಗಿ ಒದ್ದೆಯ ನಡುವೆ ನಿಂತಿದ್ದರೂ ಗಿಡ ನೀರಿಲ್ಲದೆ ಒಣಗುತ್ತದೆ. ಹೊಸದಾಗಿ ಆರ್ಕಿಡ್ ಬೆಳೆಸುವವರು ಈ ಒಂದು ಸಂಗತಿಯನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ.

ಮರದ ಮೇಲಿನ ಬದುಕು

ನಾವು ಮನೆಯಲ್ಲಿ ಬೆಳೆಸುವ ಬಹುಪಾಲು ಆರ್ಕಿಡ್‌ಗಳು ಸಹಜ ನೆಲೆಯಲ್ಲಿ ಮರವನ್ನು ಅಪ್ಪಿಕೊಂಡು ಬೆಳೆಯುವಂಥವು. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಹೊತ್ತಿಗೆ ಮರದ ಕೊಂಬೆಯಿಂದ ನರಿಯ ಬಾಲದಂತೆ ಇಳಿಬಿದ್ದು ಅರಳುವ, ಹೆಂಗಳೆಯರು ಮುಡಿಗೇರಿಸುವ ಸೀತಾಳೆ ದಂಡೆಯೂ ಒಂದು ಆರ್ಕಿಡ್. ಅದೇ ಹೂವು ದೂರದ ಅಸ್ಸಾಮಿನಲ್ಲಿ ರಾಜ್ಯಪುಷ್ಪದ ಗೌರವ ಪಡೆದಿದೆ. ನಮ್ಮ ತೋಟಗಳಲ್ಲಿ ಬೆಳೆಯುವ ವೆನಿಲ್ಲಾ ಬಳ್ಳಿಯೂ ಇದೇ ಕುಟುಂಬದ್ದು.

ಬಂದಳಿಕೆಯಂತೆ ಆರ್ಕಿಡ್ ಮರದ ರಸ ಹೀರುವುದಿಲ್ಲ. ಮರ ಅದಕ್ಕೆ ಕೇವಲ ಆಸರೆ. ಮಳೆಯ ನೀರು, ಗಾಳಿಯಲ್ಲಿನ ತೇವ, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯ ಸಾರ, ಇಷ್ಟೇ ಅದರ ಆಹಾರ. ಅದರ ದಪ್ಪ ಬೇರುಗಳ ಮೇಲೆ ಸ್ಪಂಜಿನಂಥ ಬಿಳಿಯ ಹೊದಿಕೆಯಿರುತ್ತದೆ. ಮಳೆ ಬಿದ್ದಾಗ ಈ ಹೊದಿಕೆ ಥಟ್ಟನೆ ನೀರು ಕುಡಿದು ಹಸಿರಾಗುತ್ತದೆ. ಗಾಳಿಗೆ ಒಣಗಿದಾಗ ಮತ್ತೆ ಬೆಳ್ಳಗಾಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು: ಈ ಆವರ್ತನಕ್ಕೆ ಒಗ್ಗಿದ ಬೇರನ್ನು ಮಣ್ಣಿನಲ್ಲಿ ಹೂತರೆ ಅದಕ್ಕೆ ಉಸಿರು ಕಟ್ಟುತ್ತದೆ.

ಯಾವ ಗಿಡ ತರಬೇಕು?

ಕರಾವಳಿ ಹಾಗೂ ಬೆಚ್ಚನೆಯ ಊರುಗಳವರಿಗೆ ಡೆಂಡ್ರೋಬಿಯಂ ಸೂಕ್ತ. ಕಬ್ಬಿನ ಜಲ್ಲೆಯಂತೆ ಗಿಣ್ಣುಗಳುಳ್ಳ ಕಾಂಡದಲ್ಲಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಳ್ಳುವುದರಿಂದ ಇದು ನಮ್ಮ ಸಣ್ಣಪುಟ್ಟ ತಪ್ಪುಗಳನ್ನು ಸಹಿಸುತ್ತದೆ. ಬೆಂಗಳೂರು, ಮೈಸೂರಿನಂಥ ಹಿತವಾದ ಹವೆಯಲ್ಲಿ, ಬಾಲ್ಕನಿಯಲ್ಲಿ ಅಥವಾ ಕಿಟಕಿಯ ಪಕ್ಕದಲ್ಲಿ ಬೆಳೆಸಲು ಫೆಲೆನಾಪ್ಸಿಸ್ ಒಳ್ಳೆಯದು. ಇದರ ಹೂವು ಎರಡು, ಮೂರು ತಿಂಗಳು ಉಳಿಯುವುದುಂಟು. ಮಣ್ಣಿನಲ್ಲೇ ಬೆಳೆಸಬೇಕೆಂಬ ಆಸೆಯಿದ್ದರೆ ನೆಲದ ಆರ್ಕಿಡ್ ಆದ ಸ್ಪಾಥೊಗ್ಲಾಟಿಸ್ ಇದೆ. ಬೇರುಗಳನ್ನು ಇಳಿಬಿಟ್ಟು ತೂಗಾಡುವ ವಾಂಡಾ ಬಲು ಚೆಂದ. ಆದರೆ ಬೇಸಿಗೆಯಲ್ಲಿ ಅದಕ್ಕೆ ದಿನವೂ ನೀರು ಬೇಕು, ಹೆಚ್ಚು ತೇವದ ಗಾಳಿಯೂ ಬೇಕು. ಆದ್ದರಿಂದ ಅದನ್ನು ಅನುಭವ ಬಂದ ಮೇಲೆ ತರುವುದು ಲೇಸು.

ಕುಂಡ ತುಂಬುವ ಬಗೆ

ಆರ್ಕಿಡ್ ಕುಂಡಕ್ಕೆ ಮಣ್ಣಾಗಲಿ ಸಗಣಿ ಗೊಬ್ಬರವಾಗಲಿ ಬೇಡ. ಸೌದೆಯ ಇದ್ದಿಲಿನ ತುಂಡು, ಹಂಚು ಅಥವಾ ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಯ ತುಂಡು, ಇವಿಷ್ಟು ಸಾಕು. ತೆಂಗಿನ ಸಿಪ್ಪೆಯನ್ನು ಮೂರು, ನಾಲ್ಕು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಅದರಲ್ಲಿನ ಒಗರು ಮತ್ತು ಉಪ್ಪಿನಂಶ ಹೋದ ಮೇಲೆ ಬಳಸಬೇಕು. ಮಳೆ ಹೆಚ್ಚಿರುವಲ್ಲಿ ಸಿಪ್ಪೆ ಕಡಿಮೆಯಿರಲಿ, ಇದ್ದಿಲು ಹೆಚ್ಚಿರಲಿ. ಒಣಹವೆಯ ಊರುಗಳಲ್ಲಿ ಸಿಪ್ಪೆಯ ಪಾಲು ಹೆಚ್ಚಿದ್ದರೆ ಒಳ್ಳೆಯದು.

ಕುಂಡದ ತಳದಲ್ಲಿ ಮಾತ್ರವಲ್ಲದೆ ಪಕ್ಕಗಳಲ್ಲೂ ತೂತುಗಳಿರಬೇಕು. ಗಿಡಕ್ಕಿಂತ ದೊಡ್ಡದಾದ ಕುಂಡ ಬೇಡ. ಅದು ಒಣಗುವುದು ನಿಧಾನ. ಅಡಿಯಲ್ಲಿ ನೀರು ನಿಲ್ಲುವ ತಟ್ಟೆಯನ್ನಂತೂ ಇಡಲೇಬಾರದು. ಎರಡು ವರ್ಷಕ್ಕೊಮ್ಮೆ, ಸಿಪ್ಪೆ ಕೊಳೆತು ಪುಡಿಯಾದಾಗ, ಹೊಸ ಮಿಶ್ರಣಕ್ಕೆ ಬದಲಿಸಬೇಕು.

ನೀರು: ಬೇರನ್ನೇ ಕೇಳಿ

ವಾರಕ್ಕೆ ಎಷ್ಟು ಸಲ ನೀರೆರೆಯಬೇಕೆಂಬುದು ಎಲ್ಲರ ಪ್ರಶ್ನೆ. ಎಲ್ಲ ಊರಿಗೂ ಎಲ್ಲ ಋತುವಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಬೇರಿನ ಬಣ್ಣ ನೋಡಿ. ಹಸಿರಾಗಿದ್ದರೆ ನೀರು ಬೇಡ. ಬೆಳ್ಳಿಯಂತೆ ಬಿಳುಪಾಗಿದ್ದರೆ ಎರೆಯಬಹುದು. ಬೇರು ಕಾಣದಿದ್ದರೆ ಕುಂಡವನ್ನು ಎತ್ತಿ ನೋಡಿ. ಹಗುರವಾಗಿದ್ದರೆ ಒಣಗಿದೆ ಎಂದರ್ಥ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇದ್ದಿಲಿನಲ್ಲಿರುವ ಡೆಂಡ್ರೋಬಿಯಂಗೆ ದಿನವೂ ನೀರು ಬೇಕಾಗಬಹುದು. ಅದೇ ಗಿಡಕ್ಕೆ ಜುಲೈ ತಿಂಗಳ ಜಡಿಮಳೆಯಲ್ಲಿ ವಾರವಿಡೀ ನೀರು ಬೇಡವಾಗಬಹುದು. ಆಗ ಅದನ್ನು ಸೂರಿನಡಿಗೆ ಸರಿಸುವುದೇ ಸರಿ.

ನೀರೆರೆಯಲು ಬೆಳಗಿನ ಹೊತ್ತು ಉತ್ತಮ. ತಳದಿಂದ ಹರಿದುಹೋಗುವಷ್ಟು ಧಾರಾಳವಾಗಿ ಎರೆಯಿರಿ, ಮತ್ತೆ ಒಣಗುವವರೆಗೆ ಕಾಯಿರಿ. ಫೆಲೆನಾಪ್ಸಿಸ್‌ನ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ಹತ್ತಿಯಿಂದ ಒರೆಸಿ ತೆಗೆಯಬೇಕು. ಕೊಳವೆಬಾವಿಯ ಗಡಸು ನೀರಿಗಿಂತ ಮಳೆನೀರು ಶ್ರೇಷ್ಠ. ಕಲಬುರಗಿ, ರಾಯಚೂರಿನಂಥ ಬಿಸಿಲೂರುಗಳಲ್ಲಿ ಗಿಡಗಳನ್ನು ಒಟ್ಟಾಗಿರಿಸಿ, ಸುತ್ತಲ ನೆಲಕ್ಕೆ ನೀರು ಚಿಮುಕಿಸಿ ಗಾಳಿಯ ತೇವ ಹೆಚ್ಚಿಸಬೇಕು.

ಬೆಳಕು ಮತ್ತು ಗೊಬ್ಬರ

ಬೆಳಕು ಸಾಕೇ ಎಂಬುದನ್ನು ಎಲೆಯೇ ಹೇಳುತ್ತದೆ. ಎಲೆ ಕಡುಹಸಿರಾಗಿದ್ದು ಹೂ ಬಿಡದಿದ್ದರೆ ಬೆಳಕು ಸಾಲದು. ತುಸು ಹಳದಿ ಬೆರೆತ ಹಸಿರಾಗಿದ್ದರೆ ಸರಿಯಾಗಿದೆ. ಸುಟ್ಟಂಥ ಕಲೆಗಳಿದ್ದರೆ ಬಿಸಿಲು ಹೆಚ್ಚಾಗಿದೆ. ಮುಂಜಾನೆಯ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿ ಫೆಲೆನಾಪ್ಸಿಸ್‌ಗೆ ಹಿತ. ಡೆಂಡ್ರೋಬಿಯಂಗೆ ಇನ್ನೂ ಹೆಚ್ಚು ಬೆಳಕು ಬೇಕು. ಅರ್ಧದಷ್ಟು ಬಿಸಿಲನ್ನು ತಡೆಯುವ ನೆರಳುಪರದೆಯ ಕೆಳಗೆ ಅದು ಚೆನ್ನಾಗಿ ಬೆಳೆಯುತ್ತದೆ.

ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಮೀರದಂತೆ ಬೆರೆಸಿ, ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಮೊದಲು ಬರಿಯ ನೀರಿನಿಂದ ಬೇರನ್ನು ತೋಯಿಸಿ, ಬಳಿಕ ಗೊಬ್ಬರದ ನೀರು ಹಾಕಿ. ತಿಂಗಳಿಗೊಮ್ಮೆ ಧಾರಾಳವಾಗಿ ಬರಿನೀರು ಸುರಿದರೆ ಕುಂಡದಲ್ಲಿ ಕೂಡಿದ ಉಪ್ಪು ತೊಳೆದುಹೋಗುತ್ತದೆ.

ಹೂವು ಮುಗಿದ ಬಳಿಕ

ಹೂವು ಉದುರಿತೆಂದರೆ ಗಿಡದ ಆಯುಷ್ಯ ಮುಗಿಯಿತೆಂದಲ್ಲ. ಫೆಲೆನಾಪ್ಸಿಸ್‌ನ ಹೂದಂಟು ಹಸಿರಾಗಿದ್ದರೆ ಬುಡದಿಂದ ಎರಡನೆಯ ಅಥವಾ ಮೂರನೆಯ ಗಿಣ್ಣಿನ ಮೇಲೆ ಕತ್ತರಿಸಿ. ಅಲ್ಲಿಂದ ಹೊಸ ಕವಲು ಹೊರಡಬಹುದು. ಗಿಡ ಸೊರಗಿದ್ದರೆ ದಂಟನ್ನು ಬುಡದಲ್ಲೇ ಕತ್ತರಿಸಿ ವಿಶ್ರಾಂತಿ ಕೊಡಿ. ಕೆಲವು ವಾರ ರಾತ್ರಿಯ ತಾಪಮಾನ 20 ಡಿಗ್ರಿಗಿಂತ ಕೆಳಗಿಳಿದರೆ ಇದು ಹೊಸ ದಂಟು ಬಿಡುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಇದು ತಾನಾಗಿಯೇ ಒದಗುತ್ತದೆ; ಕರಾವಳಿಯಲ್ಲಿ ಅಷ್ಟು ಸುಲಭವಲ್ಲ. ಡೆಂಡ್ರೋಬಿಯಂನ ಎಲೆಯುದುರಿದ ಹಳೆಯ ಕಾಂಡವನ್ನು ಒಣಗಿತೆಂದು ಕತ್ತರಿಸಿಬಿಡಬೇಡಿ. ಅದು ಗಿಡದ ಉಗ್ರಾಣ, ಮತ್ತೆ ಹೂ ಬಿಡುವುದೂ ಉಂಟು.

ಎಲೆ ಸುಕ್ಕಾದಾಗ

ಎಲೆ ಸುಕ್ಕಾದುದನ್ನು ಕಂಡೊಡನೆ ನೀರೆರೆಯದೆ, ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ನೋಡಿ. ಗಟ್ಟಿಯಾಗಿ ಬೆಳ್ಳಗೋ ಹಸಿರಾಗಿಯೋ ಇರುವ ಬೇರು ಆರೋಗ್ಯದ್ದು. ಅಂಥ ಬೇರೇ ಇದ್ದರೆ ನಿಜವಾಗಿಯೂ ನೀರು ಸಾಲದೆ ಹೋಗಿರಬೇಕು. ಕಂದುಬಣ್ಣಕ್ಕೆ ತಿರುಗಿ, ಹಿಸುಕಿದರೆ ಮೆತ್ತಗೆ ಪೊಳ್ಳಾಗಿರುವುದು ಕೊಳೆತದ್ದು. ಬೆಂಕಿಯಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಕೊಳೆತದ್ದನ್ನೆಲ್ಲ ಕತ್ತರಿಸಿ, ಹೊಸ ಒಣ ಮಿಶ್ರಣದಲ್ಲಿ ನೆಡಿ. ಮೂರು, ನಾಲ್ಕು ದಿನ ನೀರು ಬೇಡ. ಹೊಸ ಬೇರು ಬರುವತನಕ ಗೊಬ್ಬರವೂ ಬೇಡ.

ಕಾಡಿನ ಗಿಡ ಕಾಡಿನಲ್ಲೇ ಇರಲಿ

ಮಲೆನಾಡಿನ ದಾರಿಯಲ್ಲಿ ಮರದ ಮೇಲಿನ ಗಿಡವನ್ನು ಕಿತ್ತು ಮನೆಗೆ ತರುವ ಆಸೆ ಹುಟ್ಟುವುದು ಸಹಜ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ತರುವುದು ಅಪರಾಧ ಎಂಬುದು ಒಂದು ಕಾರಣವಾದರೆ, ಮತ್ತೊಂದು ಕಾರಣ ಆ ಗಿಡದ ಹುಟ್ಟಿನಲ್ಲೇ ಇದೆ. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು. ಮೊಳೆಯಲು ಬೇಕಾದ ಆಹಾರ ಅದರಲ್ಲಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಮೊಳೆಯುತ್ತದೆ, ಹೂ ಬಿಡಲು ಮತ್ತೆ ಹಲವು ವರ್ಷ ಬೇಕು. ಭಾರತೀಯ ಸಸ್ಯ ಸರ್ವೇಕ್ಷಣಾಲಯ 2019ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನಮ್ಮ ದೇಶದಲ್ಲಿ 1,256 ಬಗೆಯ ಆರ್ಕಿಡ್‌ಗಳಿವೆ. ಅವುಗಳಲ್ಲಿ 388 ಬಗೆಗಳು ಬೇರೆಲ್ಲೂ ಇಲ್ಲ.

ಶಿಲೀಂಧ್ರದ ನೆರವಿಲ್ಲದೆ ಸಕ್ಕರೆ ಬೆರೆತ ಮಾಧ್ಯಮದಲ್ಲಿ ಬೀಜ ಮೊಳೆಸಬಹುದೆಂದು ಅಮೆರಿಕದ ವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಅಂಗಾಂಶ ಕೃಷಿಯ ದಾರಿ ತೆರೆದರು. ಇಂದು ನರ್ಸರಿಗಳಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಗಿಡಗಳು ಆ ಶೋಧಗಳ ಫಲ. ಅವು ಕುಂಡದ ಬದುಕಿಗೆ ಒಗ್ಗಿದವು. ಕಾಡಿನಿಂದ ಕಿತ್ತು ತಂದವು ಹಲವು ಸಲ ಮನೆಯಲ್ಲಿ ಬದುಕುವುದೇ ಇಲ್ಲ.

ಮೊದಲು ಒಂದೇ ಒಂದು ಗಿಡ ತನ್ನಿ. ಬೇಸಿಗೆ, ಮಳೆ, ಚಳಿ, ಮೂರೂ ಕಾಲಗಳಲ್ಲಿ ಅದರ ಬೇರು ಹೇಗೆ ಬದಲಾಗುತ್ತದೆಂದು ಗಮನಿಸಿ. ನಾಳೆ ಬೆಳಿಗ್ಗೆ ತಂಬಿಗೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಬೇರು ಬೆಳ್ಳಗಿದೆಯೋ ಹಸಿರಾಗಿದೆಯೋ ಎಂದು ಒಮ್ಮೆ ನೋಡಿ. ಹಸಿರಾಗಿದ್ದರೆ ಆ ನೀರನ್ನು ತುಳಸಿಗೆ ಎರೆದುಬಿಡಿ.