ಒಂದು ಗುಡ್ಡದ ವೈನ್

ಹೊಳೆಆಲೂರಿನ ರೈತರಿಗೆ ಮಣ್ಣಿನ ಗುಣ ಯಾರೂ ಹೇಳಿಕೊಡಬೇಕಾಗಿಲ್ಲ. ಮಲಪ್ರಭೆಯ ದಂಡೆಯ ಎರೆ ಹೊಲ ಮಳೆಯ ತೇವವನ್ನು ಹಿಡಿದಿಟ್ಟುಕೊಂಡು, ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಅದರ ಮೇಲೆಯೇ ಸಾಕುತ್ತದೆ. ಗುಡ್ಡದ ಮಗ್ಗುಲಿನ ಮಸಾರಿಯಲ್ಲಿ ನೀರು ನಿಲ್ಲುವುದಿಲ್ಲ, ಇಳಿದುಹೋಗುತ್ತದೆ. ಜೋಳಕ್ಕೆ ಅದು ಕೊರತೆ. ಒಳ್ಳೆಯ ಕೆಂಪು ವೈನಿಗೆ ಬೇಕಾದದ್ದು ಮಾತ್ರ ಅಂಥದೇ ನೆಲ. ನೀರು ಹೇರಳವಾಗಿ ಸಿಕ್ಕ ಬಳ್ಳಿ ಎಲೆ ಬೆಳೆಸುತ್ತದೆ, ಕಾಯಿ ದಪ್ಪವಾಗುತ್ತದೆ, ರಸ ತೆಳುವಾಗುತ್ತದೆ. ನೀರಿಗಾಗಿ ಬೇರು ಆಳಕ್ಕೆ ಇಳಿಸಬೇಕಾದ ಬಳ್ಳಿಯಲ್ಲಿ ಕಾಯಿ ಸಣ್ಣದು, ಸಿಪ್ಪೆಯ ಪಾಲು ಹೆಚ್ಚು. ಕೆಂಪು ವೈನಿನ ಬಣ್ಣ, ಒಗರು ಬರುವುದು ಆ ಸಿಪ್ಪೆಯಿಂದಲೇ.

ಈ ಮಾತನ್ನು ಕಾನೂನಿನವರೆಗೆ ಒಯ್ದವರು ಇಟಲಿಯ ವಾಯವ್ಯ ಭಾಗದ ಪೀಡ್ಮಾಂಟಿನ ಜನ. ಅಲ್ಲಿನ ಲಾಂಗೆ ಗುಡ್ಡಸಾಲಿನ 11 ಊರುಗಳಲ್ಲಿ ಬೆಳೆದ ನೆಬ್ಬಿಯೋಲೊ ದ್ರಾಕ್ಷಿಯಿಂದ ಮಾಡಿದ್ದು ಮಾತ್ರ 'ಬರೋಲೊ'. ಕಣಿವೆಯ ತಳದಲ್ಲಿ, ಸಪಾಟು ನೆಲದಲ್ಲಿ ಬೆಳೆದ ದ್ರಾಕ್ಷಿಗೆ ಆ ಹೆಸರು ಸಲ್ಲದು. ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ಇಳುವರಿ ತೆಗೆಯುವಂತಿಲ್ಲ. ವಿಜಯಪುರದ ಬೆಳೆಗಾರರಿಗೆ ಇದು ತೀರ ಕಡಿಮೆ ಎನಿಸೀತು. ಸುಗ್ಗಿಯಾದ ಮೇಲೆ 38 ತಿಂಗಳು ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಹಳೆಯ ಪದ್ಧತಿಯವರು ರಸವನ್ನು ಸಿಪ್ಪೆಯೊಡನೆ ವಾರಗಟ್ಟಲೆ ಬಿಟ್ಟು, ಆಮೇಲೆ ಸಾವಿರಾರು ಲೀಟರ್ ಹಿಡಿಯುವ ಓಕ್ ಪೀಪಾಯಿಗಳಿಗೆ ತುಂಬುತ್ತಾರೆ. ಪೀಪಾಯಿ ದೊಡ್ಡದಾದಷ್ಟೂ ಮರದ ವಾಸನೆ ಕಡಿಮೆ ಹತ್ತುತ್ತದೆ, ಹೊಲದ ಗುಣ ಮುಂದೆ ನಿಲ್ಲುತ್ತದೆ.

ನೆಬ್ಬಿಯೋಲೊ ಬೇಗ ಚಿಗುರಿ ತಡವಾಗಿ, ಅಕ್ಟೋಬರಿನ ಹೊತ್ತಿಗೆ ಹಣ್ಣಾಗುತ್ತದೆ. ಚಳಿ ಬರುವ ಮುನ್ನ ಅದಕ್ಕೆ ಸಿಕ್ಕಷ್ಟು ಬಿಸಿಲೂ ಬೇಕು. ಹಿಂದಿನವರು ಚಳಿಗಾಲದ ಕೊನೆಗೆ ಯಾವ ಇಳಿಜಾರಿನ ಹಿಮ ಮೊದಲು ಕರಗುತ್ತದೆ ಎಂದು ನೋಡಿ, ಅಲ್ಲಿ ಬಳ್ಳಿ ಹಚ್ಚುತ್ತಿದ್ದರು. ಉಪಕರಣವಿಲ್ಲದ ಕಾಲದಲ್ಲಿ ಇದಕ್ಕಿಂತ ನಿಖರವಾದ ಭೂಪರೀಕ್ಷೆ ನನಗಂತೂ ತಿಳಿಯದು.

ಬರೋಲೊ ಊರಿನ ಪಕ್ಕದಲ್ಲಿ ಕನ್ನೂಬಿ ಎಂಬ ಉದ್ದನೆಯ ತಗ್ಗು ಗುಡ್ಡವಿದೆ. 1752ರ ಒಂದು ಬಾಟಲಿಯ ಮೇಲೆಯೇ ಅದರ ಹೆಸರಿದೆ. ಆದರೂ ಬಹುಕಾಲ ವ್ಯಾಪಾರಿಗಳು ಹಲವು ಗುಡ್ಡಗಳ ದ್ರಾಕ್ಷಿ ಕೊಂಡು, ಬೆರೆಸಿಯೇ ವೈನ್ ಮಾಡುತ್ತಿದ್ದರು. 1961ರ ಸುಗ್ಗಿಯಿಂದ ಕೆಲವರು ಒಂದೇ ಹೊಲದ ವೈನನ್ನು ಆ ಹೊಲದ ಹೆಸರಿನಲ್ಲಿ ಬಾಟಲಿಗೆ ತುಂಬತೊಡಗಿದರು. 2010ರಲ್ಲಿ 181 ಹೆಸರುಗಳ ಅಧಿಕೃತ ಪಟ್ಟಿ ಜಾರಿಗೆ ಬಂತು. ಹೆಸರಿಗೆ ಬೆಲೆ ಬಂದೊಡನೆ ಎಲ್ಲೆಯ ಜಗಳವೂ ಬಂತು. ಗುಡ್ಡದ ನಡುವಿನ ಸುಮಾರು 15 ಹೆಕ್ಟೇರ್ ಮಾತ್ರ ಕನ್ನೂಬಿಯೋ, ಅಕ್ಕಪಕ್ಕದ ತುಂಡುಗಳೂ ಸೇರಿ 34 ಹೆಕ್ಟೇರ್ ಕನ್ನೂಬಿಯೋ? ಮೊಕದ್ದಮೆ ರೋಮಿನವರೆಗೆ ಹೋಗಿ, 2013ರಲ್ಲಿ ದೊಡ್ಡ ಅಳತೆಯೇ ಗೆದ್ದಿತು. ಬದುವಿನ ವ್ಯಾಜ್ಯ ಕಂಡ ನಮ್ಮ ಊರುಗಳಿಗೆ ಇದೇನೂ ಹೊಸದಲ್ಲ. ತೀರ್ಪು ಏನೇ ಇರಲಿ, ಮಣ್ಣು ಬದಲಾದ ಕಡೆ ಹೆಸರೂ ಬದಲಾಗಬೇಕು ಎಂದವರ ವಾದವೇ ನನಗೆ ಸರಿಯೆನಿಸುತ್ತದೆ.

ಇನ್ನೊಂದು ಮಗ್ಗುಲೂ ಇದೆ. 2005ರಲ್ಲಿ ತೀರಿಕೊಂಡ ಬಾರ್ತೊಲೊ ಮಸ್ಕರೆಲ್ಲೊ ಅವರಿಗೆ ಕನ್ನೂಬಿಯಲ್ಲೇ ಹೊಲವಿತ್ತು. ಆದರೂ ಅವರು ತಮ್ಮ ನಾಲ್ಕು ಕಡೆಯ ದ್ರಾಕ್ಷಿಯನ್ನು ಬೆರೆಸಿ ಒಂದೇ ಬರೋಲೊ ಮಾಡುವುದನ್ನು ಕೊನೆವರೆಗೂ ಬಿಡಲಿಲ್ಲ. ಒಂದು ಹೊಲಕ್ಕೆ ಆಲಿಕಲ್ಲು ಬಿದ್ದರೆ ಇನ್ನೊಂದು ಕೈಹಿಡಿಯುತ್ತದೆ, ಒಂದರ ಒಗರನ್ನು ಇನ್ನೊಂದರ ಪರಿಮಳ ಹದಕ್ಕೆ ತರುತ್ತದೆ. ಒಂದೇ ಗುಡ್ಡವನ್ನು ನಂಬಿದವನಿಗೆ ಆ ಆಸರೆ ಇಲ್ಲ.

ಹೊಳೆಆಲೂರಿನಲ್ಲಿ ರೈಲು ಹತ್ತಿ ಬಾದಾಮಿ, ಬಾಗಲಕೋಟೆ ದಾಟಿದರೆ ವಿಜಯಪುರದ ದ್ರಾಕ್ಷಿ ಪಡಗಳು ಸಿಗುತ್ತವೆ. ಅಲ್ಲಿನ ಬೆಳೆ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. 2007ರ ವೈನ್ ನೀತಿಯಲ್ಲಿ ಸರ್ಕಾರ ಕೃಷ್ಣಾ ಕಣಿವೆಯನ್ನೂ ನಂದಿ ಕಣಿವೆಯನ್ನೂ ವೈನ್ ವಲಯಗಳೆಂದು ಗುರುತಿಸಿತು. ಇಟಲಿಯ ನಂಟು ಹುಡುಕುವವರು ಮಾತ್ರ ಪಕ್ಕದ ಕೊಪ್ಪಳ ಜಿಲ್ಲೆಗೆ ಹೋಗಬೇಕು. ಅಲ್ಲಿ ಹಂಪಿ ಬೆಟ್ಟಸೀಮೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ 'ಕ್ರಿಸ್ಮಾ' ತೋಟವಿದೆ. ಟಸ್ಕನಿಯ ಕಿಯಾಂಟಿ, ಬ್ರುನೆಲ್ಲೊ ವೈನುಗಳ ತಾಯಿಬೆಳೆಯಾದ ಸಾಂಜಿಯೊವೇಸೆ ದ್ರಾಕ್ಷಿಯನ್ನು ಅಲ್ಲಿ ಬೆಳೆದು, ತೋಟದಲ್ಲೇ ವೈನ್ ಮಾಡುತ್ತಾರೆ.

ಬಳ್ಳಿ ಅದೇ ಆದರೂ ಅದರ ವರ್ಷ ಇಲ್ಲಿ ಬೇರೆ. ಇಟಲಿಯಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು: ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಫಲ ಹಿಡಿಯಲು. ಫೆಬ್ರುವರಿ–ಮಾರ್ಚಿನಲ್ಲಿ ಕಟಾವು. ಲಾಂಗೆಯ ಹಣ್ಣು ತಂಪಿನ ಕಡೆ ಸಾಗುತ್ತ ಮಾಗಿದರೆ, ನಮ್ಮದು ಬೇಸಿಗೆಯ ಕಡೆ ಸಾಗುತ್ತ ಮಾಗುತ್ತದೆ. ಸಕ್ಕರೆ ಓಡುತ್ತದೆ, ಹುಳಿ ಇಳಿಯುತ್ತದೆ; ಕಟಾವು ಕೆಲವೇ ದಿನ ತಡವಾದರೂ ವೈನ್ ಸಪ್ಪೆಯಾಗುತ್ತದೆ. ಹಾಗಾಗಿ ನಮ್ಮ ಸೀಮೆಯಲ್ಲಿ ವೈನಿಗೆಂದು ಗುಡ್ಡ ಹುಡುಕುವವರು ಇಟಲಿಯವರಂತೆ ಹೆಚ್ಚು ಬಿಸಿಲಿನ ಮಗ್ಗುಲನ್ನು ಹುಡುಕಬಾರದು. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ಇಳಿದ ಮೇಲೆ ನೆರಳಾಗುವ ಮೂಡಣ ಇಳಿಜಾರೇ ಇಲ್ಲಿ ಒಳ್ಳೆಯದು.