ಸಂಪು ಸೋರುತ್ತಿದೆಯೇ?

ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳಲ್ಲಾಗಲಿ ನಲ್ಲಿ ಬಂದಾಗ ಸಂಪು ತುಂಬಿಸಿಕೊಳ್ಳುವ ಮನೆಗಳು ಹಲವು. ತುಂಬಿದ ನೀರು ಬೇಗನೆ ಇಳಿದರೆ ನಾವು ಮನೆಯವರ ದುಂದುಗಾರಿಕೆಯನ್ನು ಶಂಕಿಸುತ್ತೇವೆಯೇ ಹೊರತು ನೆಲವನ್ನಲ್ಲ. ಈ ಸೀಮೆಯ ಎರೆಭೂಮಿ ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಾಯ್ಬಿಡುತ್ತದೆ; ಆ ಎಳೆದಾಟಕ್ಕೆ ಸಂಪಿನ ಗೋಡೆಯೂ ಬಿರಿಯುತ್ತದೆ.

ಪರೀಕ್ಷೆ ಸುಲಭ. ರಾತ್ರಿ ನಲ್ಲಿಯನ್ನೂ ಮೋಟಾರನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೆರೆ ಎಳೆಯಬೇಕು. 2 ಮೀಟರ್ ಉದ್ದ, 2 ಮೀಟರ್ ಅಗಲದ ಸಂಪಿನಲ್ಲಿ ಬೆಳಗಿನೊಳಗೆ 1 ಸೆಂಟಿಮೀಟರ್ ಇಳಿದರೆ 40 ಲೀಟರ್ ಮಣ್ಣುಪಾಲು! ಇಳಿತ ಒಂದೆಡೆ ನಿಂತುಬಿಟ್ಟರೆ ಬಿರುಕು ಆ ಎತ್ತರದಲ್ಲೇ ಇದೆ. ಪೈಪು ಗೋಡೆಯನ್ನು ಹೊಕ್ಕ ಸಂದನ್ನು ಮೊದಲು ನೋಡಿರಿ.

ಮೇಲೆ ಸಿಮೆಂಟ್ ಬಳಿಯುವುದು ಬರಿಯ ತೇಪೆ. ಸಂಪನ್ನು ಬರಿದುಮಾಡಿ, ಬಿರುಕನ್ನು ಉಳಿಯಿಂದ ಅಗಲಿಸಿ ತೊಳೆದು, ವಾಟರ್‌ಪ್ರೂಫ್ ಪುಡಿ ಬೆರೆಸಿದ ಗಾರೆ ತುಂಬಿ, 7 ದಿನ ತೇವವಾಗಿರಿಸಬೇಕು. ಬಹುದಿನ ಮುಚ್ಚಿದ್ದ ಸಂಪಿನಲ್ಲಿ ಉಸಿರುಗಟ್ಟಿ ಪ್ರಾಣವೇ ಹೋದೀತು. ಗಾಳಿಯಾಡಿಸದೆ, ಮೇಲೊಬ್ಬರನ್ನು ನಿಲ್ಲಿಸದೆ ಗೌಂಡಿಯನ್ನು ಇಳಿಸಲಾಗದು.

ನೀರು ತಾನೇ, ಹೋದರೆ ಹೋಗಲಿ ಎನ್ನುವವರಿಗೆ ಒಂದು ಮಾತು: ಸಂಪಿನ ನೀರು ತಗ್ಗಿದಾಗ ಪಕ್ಕದ ಚರಂಡಿಯ ಕೊಳೆ ಅದೇ ಬಿರುಕಿನಿಂದ ಒಳಬರಬಹುದು. ಮನೆಗೆ ಬಂದ ಜಂಗಮರಿಗೆ ನಾವು ಕೊಡುವ ತಂಬಿಗೆ ನೀರೂ ಆ ಸಂಪಿನದೇ. ಆದುದರಿಂದ ದುರಸ್ತಿಯ ತರುವಾಯ ಬ್ಲೀಚಿಂಗ್ ಪುಡಿಯಿಂದ ತೊಳೆದೇ ಹೊಸ ನೀರು ತುಂಬಿಸಬೇಕು.